ಗೋಬಿಯ ಕೆಂಪು, ಬ್ಯಾಡಗಿಯ ಕೆಂಪು

2024ರ ಮಾರ್ಚ್ 11, ಸೋಮವಾರ. ಅವತ್ತು ಎರಡು ಸುದ್ದಿಗಳು ಬಂದವು. ಒಂದು ಬೆಂಗಳೂರಿನದು. ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತ್ತು. ಇನ್ನೊಂದು ನಮ್ಮ ಪಕ್ಕದ ಬ್ಯಾಡಗಿಯದು. ಒಣಮೆಣಸಿನಕಾಯಿ ದರ ಏಕಾಏಕಿ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ಕಲ್ಲು ತೂರಿದ್ದರು, ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಮರುದಿನದ ಪತ್ರಿಕೆಗಳಲ್ಲಿ ಈ ಎರಡೂ ಸುದ್ದಿ ಬೇರೆ ಬೇರೆ ಪುಟಗಳಲ್ಲಿದ್ದವು. ಎರಡನ್ನೂ ಒಟ್ಟಿಗೆ ಓದಬೇಕು ಅಂತ ಆಗ ನನಗೂ ಹೊಳೆದಿರಲಿಲ್ಲ.

ಹೊಳೆದದ್ದು ಹಲಗೇರಿಯಲ್ಲಿ, ಗೋಬಿ ಗಾಡಿಯೊಂದರ ಮುಂದೆ. ಬೆಂಗಳೂರಿನಲ್ಲಿ ಓದುತ್ತಿರುವ ಸಂಬಂಧಿಕರ ಹುಡುಗನೊಬ್ಬ ರಜೆಗೆ ಬಂದಿದ್ದ. ಪ್ಲೇಟು ಕೈಗೆ ಬಂದಾಗ ನಕ್ಕು, "ಇದು ಚೈನೀಸ್ ಅಲ್ಲ ಕಾಕಾ. ಅಸಲಿ ಚೈನೀಸ್ ಬೇಕಂದ್ರ ಬೆಂಗಳೂರಿಗೇ ಬರಬೇಕು. ಅಲ್ಲೂ ಹುಡುಕಬೇಕು, ಸಿಚುವಾನ್ ಯಾವುದು, ಕ್ಯಾಂಟನ್ ಯಾವುದು ಅಂತ" ಎಂದ. ಗಾಡಿಯವನಿಗೆ ಸಿಟ್ಟು ಬರಲಿಲ್ಲ. ಅವನ ಚಿಂತೆ ಬೇರೆಯಿತ್ತು: "ಬಣ್ಣ ಬಿಟ್ಟಮ್ಯಾಲೆ ಗಿರಾಕಿ ಅರ್ಧ ಆಗೇದ್ರಿ. ಕೆಂಪಗ ಇರಲಿಲ್ಲಂದ್ರ ಜನ ಮುಟ್ಟಂಗಿಲ್ಲ." ಕೆಂಪು ಬಣ್ಣಕ್ಕಾಗಿಯೇ ಹೆಸರಾದ ಮೆಣಸಿನಕಾಯಿಯ ಪೇಟೆಗೆ ಕೂಗಳತೆಯ ಊರಿನಲ್ಲಿ ನಿಂತು ಅವನು ಹಾಗೆನ್ನುತ್ತಿದ್ದ.

ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಮಂಚೂರಿಯಾ ಇರುವುದು ಚೀನಾದ ಈಶಾನ್ಯ ತುದಿಯಲ್ಲಿ, ಚಳಿಯ ನಾಡು. ಅಲ್ಲಿ ಯಾರೂ ಗೋಬಿ ಮಂಚೂರಿ ತಿನ್ನುವುದಿಲ್ಲ. ಈ ತಿನಿಸಿನ ಹುಟ್ಟೂರು ಮುಂಬೈ ಎನ್ನುತ್ತಾರೆ. ಕೋಲ್ಕತ್ತಾದ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿದ್ದರು. ಗ್ರಾಹಕರೊಬ್ಬರು ಹೊಸದೇನಾದರೂ ಬೇಕೆಂದಾಗ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಹುರಿದರು. ಅದಕ್ಕೆ ಗರಂ ಮಸಾಲೆ ಹಾಕುವ ಬದಲು ಸೋಯಾ ಸಾಸ್ ಹಾಕಿ, ಕಾರ್ನ್‌ಫ್ಲೋರ್‌ನಲ್ಲಿ ಕರಿದ ಕೋಳಿಯನ್ನು ಬೆರೆಸಿದರು. ಇದು ಅವರೇ ಹೇಳಿಕೊಂಡು ಬಂದ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಸಸ್ಯಾಹಾರಿಗಳ ದೆಸೆಯಿಂದ. ಆ ಹೂಕೋಸೂ ಇಲ್ಲಿಯದಲ್ಲ, ಕಂಪನಿ ಸರ್ಕಾರದ ಕಾಲದಲ್ಲಿ, 1822ರ ಸುಮಾರಿಗೆ ಇಂಗ್ಲೆಂಡಿನಿಂದ ಬಂದ ಬೀಜ. ಕಾರ್ನ್‌ಫ್ಲೋರಿನ ಗೋವಿನಜೋಳ ಅಮೆರಿಕ ಖಂಡದ್ದು. ಈಗ ಅದು ಹಾವೇರಿ ಜಿಲ್ಲೆಯ ಮುಖ್ಯ ಬೆಳೆಗಳಲ್ಲೊಂದು.

ವಾಂಗ್ ಹುಟ್ಟಿದ ಕೋಲ್ಕತ್ತಾದ ಚೀನೀ ಸಮುದಾಯದ ಕಥೆ ಇನ್ನೂ ಹಳೆಯದು. 18ನೇ ಶತಮಾನದ ಕೊನೆಯಲ್ಲಿ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ವಾರನ್ ಹೇಸ್ಟಿಂಗ್ಸ್‌ನಿಂದ ಹೂಗ್ಲಿ ದಂಡೆಯ ಬಜ್‌ಬಜ್ ಬಳಿ ಭೂಮಿ ಪಡೆದು ಸಕ್ಕರೆ ಗಾಣ ಹಾಕಿದ. ಆ ಊರಿಗೆ ಇವತ್ತಿಗೂ ಅಚೀಪುರ ಎಂದೇ ಹೆಸರು. ಆಮೇಲೆ ಬಂದವರು ತಮ್ಮ ತಮ್ಮ ಸೀಮೆಯ ಕಸುಬು ತಂದರು. ಕ್ಯಾಂಟನ್ ಸೀಮೆಯವರು ಬಡಗಿಗಳಾದರು, ಹುಬೈ ಪ್ರಾಂತ್ಯದವರು ಹಲ್ಲಿನ ವೈದ್ಯರಾದರು, ಹಕ್ಕಾ ಜನ ಟಾಂಗ್ರಾದಲ್ಲಿ ತೊಗಲು ಹದ ಮಾಡಿದರು. ನಾವು ಮೆನುವಿನಲ್ಲಿ ಓದುವ "ಹಕ್ಕಾ ನೂಡಲ್ಸ್"ನ ಹಕ್ಕಾ ಅಂದರೆ ಇವರೇ. 1962ರ ಯುದ್ಧ ಬಂದಾಗ ಸುಮಾರು ಮೂರು ಸಾವಿರ ಜನರನ್ನು, ಮಕ್ಕಳು ಮುದುಕರೆನ್ನದೆ, ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಬಿಡುಗಡೆಯಾದ ಅನೇಕರು ದೇಶ ಬಿಟ್ಟರು, ಉಳಿದ ಹಲವರು ಬೇರೆ ಬೇರೆ ನಗರಗಳಿಗೆ ಚದುರಿದರು. 1996ರಲ್ಲಿ ಸುಪ್ರೀಂ ಕೋರ್ಟು ತೊಗಲು ಕಾರ್ಖಾನೆಗಳನ್ನು ಊರಾಚೆ ಸಾಗಿಸಲು ಹೇಳಿದ ಮೇಲೆ ಟಾಂಗ್ರಾದಲ್ಲಿ ಉಳಿದವರ ಮುಖ್ಯ ಆಸರೆ ಹೋಟೆಲುಗಳೇ ಆದವು. ಹುಡುಗ ನಕಲಿ ಎಂದು ನಕ್ಕ ತಟ್ಟೆಯ ಹಿಂದೆ ಈ ಜನರಿದ್ದಾರೆ. ಬಂದ ನೆಲದ ನಾಲಿಗೆಗೆ ಹೊಂದುವಂತೆ ಅಡುಗೆ ಮಾಡಿ ಬದುಕಿದವರು ಅವರು.

ಹಾಗಾದರೆ ಅಸಲಿ ಸಿಚುವಾನ್ ಎಲ್ಲಿದೆ? ನಮ್ಮ ಗಾಡಿಗಳ "ಶೇಜ್ವಾನ್" ಸಾಸ್‌ನಲ್ಲಂತೂ ಇಲ್ಲ. ಅದರಲ್ಲಿರುವುದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ವಿನೆಗರ್. ಸಿಚುವಾನ್ ಅಡುಗೆಯ ಗುರುತು 'ಮಾಲಾ' ಎಂಬ ಜೋಡಿ ರುಚಿ. 'ಲಾ' ಎಂದರೆ ಖಾರ, 'ಮಾ' ಎಂದರೆ ನಾಲಿಗೆ ಜುಮ್ಮೆನ್ನುವುದು. ಆ ಜುಮ್ಮು ಬರುವುದು ಹುವಾಜಿಯಾವೊ ಎಂಬ ಮುಳ್ಳುಗಿಡದ ಒಣಸಿಪ್ಪೆಯಿಂದ. ಇದು ಸಿಗುವುದಿಲ್ಲ ಎಂದು ಮಹಾನಗರಗಳಲ್ಲಿ ಅಡುಗೆ ಆಸಕ್ತರು ದೊಡ್ಡ ಅಂಗಡಿಗಳನ್ನೆಲ್ಲ ಜಾಲಾಡುತ್ತಾರೆ. ಅದೇ ಕುಲದ ಒಂದು ಮರ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ. ಕನ್ನಡದಲ್ಲಿ ಅದರ ಹೆಸರು ಜುಮ್ಮಿನ ಮರ, ಕಾಯಿ ಜುಮ್ಮನಕಾಯಿ. ಕೊಂಕಣಿಗರು ತಿರ್ಫಳ, ತೆಪ್ಪಳ ಎಂದು ಕರೆದು ಬಂಗಡೆ ಮೀನಿನ ಸಾರಿಗೆ ಹಾಕುತ್ತಾರೆ. ಎರಡೂ ಒಂದೇ ಅಲ್ಲ, ಪರಿಮಳದಲ್ಲಿ ವ್ಯತ್ಯಾಸವಿದೆ. ಆದರೆ ಚೀನೀಯರು 'ಮಾ' ಎಂದು ಕರೆದ ಅನುಭವವನ್ನೇ ನಮ್ಮವರು 'ಜುಮ್ಮು' ಎಂದು ಕಾಯಿಗೆ ಹೆಸರಿಟ್ಟರು. ಎರಡೂ ಕಡೆ ಕರಿಬೀಜವನ್ನು ಎಸೆದು ಸಿಪ್ಪೆಯನ್ನಷ್ಟೇ ಬಳಸುತ್ತಾರೆ.

ಇನ್ನು 'ಲಾ', ಅಂದರೆ ಖಾರದ ಕಥೆ. ಮೆಣಸಿನಕಾಯಿ ನಮಗೂ ಚೀನಾಕ್ಕೂ ಹೊರಗಿನದು, ಅಮೆರಿಕ ಖಂಡದ್ದು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಅದು ಪಶ್ಚಿಮ ಕರಾವಳಿಗೆ ಬಂತು, ಘಟ್ಟ ಹತ್ತಿ ಬಯಲುಸೀಮೆಯ ಕರಿಮಣ್ಣಿಗೆ ಇಳಿಯಿತು. ಅಲ್ಲಿಯತನಕ ನಮಗೆ ಖಾರವೆಂದರೆ ಮೆಣಸು, ಅಂದರೆ ಕರಿಮೆಣಸು. ಹೊಸದಾಗಿ ಬಂದದ್ದು ಕಾಯಿಯಂತಿತ್ತು, ಹಾಗಾಗಿ ಮೆಣಸಿನಕಾಯಿ ಆಯಿತು. ಚೀನಾದಲ್ಲೂ ಇದೇ ನಡೆಯಿತು. ಅವರ ಹಳೆಯ ಖಾರ 'ಜಿಯಾವೊ', ಮೇಲೆ ಹೇಳಿದ ಮುಳ್ಳುಗಿಡದ ಸಿಪ್ಪೆ. ಪಶ್ಚಿಮದಿಂದ ಹೋದ ಕರಿಮೆಣಸನ್ನು ಅವರು 'ಹೂಜಿಯಾವೊ' ಎಂದರು, ಪರಕೀಯರ ಜಿಯಾವೊ ಎಂಬ ಅರ್ಥದಲ್ಲಿ. ಮೆಣಸಿನಕಾಯಿ ಬಂದಾಗ ಅದು 'ಫಾನ್‌ಜಿಯಾವೊ', ಅಂದರೆ ಮತ್ತೆ ಪರದೇಶದ ಜಿಯಾವೊ ಆಯಿತು.

ಚೀನಾದಲ್ಲಿ ಮೆಣಸಿನಕಾಯಿಯ ಮೊದಲ ಲಿಖಿತ ಉಲ್ಲೇಖ ಸಿಗುವುದು 1591ರಲ್ಲಿ, ಹಾಂಗ್‌ಝೌದ ಗಾವೊ ಲಿಯಾನ್ ಎಂಬ ಲೇಖಕನ ಪುಸ್ತಕದಲ್ಲಿ. ಅವನು ಅದನ್ನು ವರ್ಣಿಸುವುದು ಬಿಳಿ ಹೂವಿನ, ಕೆಂಪು ಕಾಯಿಯ, ನೋಡಲು ಚೆಂದದ ಗಿಡವೆಂದು. ಅಂದರೆ ಅಲ್ಲಿಯೂ ಕಣ್ಣಿಗೆ ಮೊದಲು ಬಿದ್ದದ್ದು ಬಣ್ಣ. ಉಪ್ಪು ದುಬಾರಿಯಾಗಿದ್ದ ಗುಯ್‌ಝೌ ಪ್ರಾಂತ್ಯದ ಬಡವರು ಉಪ್ಪಿನ ಬದಲಿಗೆ ಮೆಣಸಿನಕಾಯಿ ತಿನ್ನುತ್ತಿದ್ದರು ಎಂದು 1720ರ ದಶಕದ ಸ್ಥಳೀಯ ದಾಖಲೆ ಹೇಳುತ್ತದೆ. ಸಿಚುವಾನ್ ಅಡುಗೆಮನೆಗಳಲ್ಲಿ ಅದು ಪೂರ್ತಿ ನೆಲೆಯಾದದ್ದು 19ನೇ ಶತಮಾನದಲ್ಲಿ. ಸಾವಿರ ವರ್ಷದ ಪರಂಪರೆ ಎಂದು ನಾವು ಊಹಿಸುವ ಸಿಚುವಾನ್ ಖಾರಕ್ಕೆ ಇರುವ ವಯಸ್ಸು ಸುಮಾರು ಇನ್ನೂರು ವರ್ಷ. ಅಲ್ಲಿಯ ಪ್ರಸಿದ್ಧ ಕುಂಗ್ ಪಾವ್ ಕೋಳಿಗೆ ಬೀಳುವ ಶೇಂಗಾ ಕೂಡ ಮೆಣಸಿನಕಾಯಿಯಂತೆಯೇ ಅಮೆರಿಕದಿಂದ ಬಂದದ್ದು. ಅದೇ ಎರಡು ಸಾಮಾನು ನಮ್ಮಲ್ಲಿ ಶೇಂಗಾ ಚಟ್ನಿಯಾಗಿ ರೊಟ್ಟಿಯ ಪಕ್ಕ ಕೂತಿವೆ.

ಚೀನಾದ ಹೆಸರು ಹೊತ್ತದ್ದೆಲ್ಲ ಚೀನಾದ್ದಲ್ಲ. ಮಲೆನಾಡಿನ ಕೆಲವೆಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ, ಅದೂ ಅಮೆರಿಕದ ಬಳ್ಳಿ. ಆದರೆ ನಿಜವಾಗಿ ಚೀನಾದಿಂದ ಬಂದದ್ದನ್ನು ನಾವು ದಿನಕ್ಕೆರಡು ಸಲ ಕುಡಿದೂ ಚೈನೀಸ್ ಎಂದು ಕರೆಯುವುದಿಲ್ಲ. ನಮ್ಮ ಕಡೆಯ 'ಚಹಾ' ಮತ್ತು ದಕ್ಷಿಣದವರ 'ಟೀ' ಎರಡೂ ಚೀನೀ ಮಾತುಗಳೇ. ಒಂದು ಕ್ಯಾಂಟನ್ ಕಡೆಯ 'ಚಾ'ದಿಂದ, ಇನ್ನೊಂದು ಫೂಜಿಯನ್ ಕರಾವಳಿಯ 'ತೆ'ಯಿಂದ ಹೊರಟದ್ದು.

ಅಸಲಿಯನ್ನು ಹುಡುಕುವವರಿಗೆ ಹತ್ತಿರದ ಇನ್ನೊಂದು ಜಾಗವಿದೆ. ಹಾನಗಲ್ ದಾಟಿ ಮುಂದೆ ಹೋದರೆ ಮುಂಡಗೋಡ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗಾಗಿ 1966ರಲ್ಲಿ ಅಲ್ಲಿ ವಸತಿ ಶುರುವಾಯಿತು. ಡ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಹಾವೇರಿ ಕಡೆಯ ಹುಡುಗರು ಬೈಕಿನಲ್ಲಿ ಹೋಗಿ ಮೊಮೊ, ತುಕ್ಪಾ ತಿಂದು ಬಂದು "ಚೈನೀಸ್ ತಿಂದೆವು" ಎನ್ನುವುದನ್ನು ಕೇಳಿದ್ದೇನೆ. ಚೀನಾದ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವರ ಊಟಕ್ಕೆ ಆ ಹೆಸರಿಡುವುದು ಸರಿಯಲ್ಲ. ಆದರೂ ರುಚಿ ಗಡಿಗೆ ಕಟ್ಟುಬಿದ್ದಿಲ್ಲ. ಟಿಬೆಟನ್ನರ ಲಾಪಿಂಗ್ ಎಂಬ ತಣ್ಣನೆಯ, ಖಾರದ ತಿನಿಸು ಸಿಚುವಾನ್‌ನ ಲಿಯಾಂಗ್‌ಫೆನ್‌ನ ಸಂಬಂಧಿ, ಹೆಸರೂ ಅಲ್ಲಿಂದಲೇ ಬಂದದ್ದು. ಅದನ್ನು ಮಾಡುವುದು ಹೆಸರುಕಾಳಿನ ಪಿಷ್ಟದಿಂದ. ಹೆಸರು ನಮ್ಮ ಹೊಲದ್ದೇ ಕಾಳು.

ಮತ್ತೆ ಬ್ಯಾಡಗಿಗೆ ಬರೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಡಬ್ಬಿ ಗಿಡ್ಡ ಮತ್ತು ದುಂಡು. ಕಡ್ಡಿ ಉದ್ದ, ಸಪೂರ, ಮೈತುಂಬ ಸುಕ್ಕು. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಎಣ್ಣೆಯಂತೆ ತೆಗೆದು ಓಲಿಯೊರೆಸಿನ್ ಎಂಬ ಹೆಸರಿನಲ್ಲಿ ಹೊರದೇಶಗಳಿಗೂ ಕಳಿಸುತ್ತಾರೆ, ಆಹಾರಕ್ಕೂ ತುಟಿಬಣ್ಣಕ್ಕೂ ಅದು ಬೇಕು. ಸಿಚುವಾನ್‌ನಲ್ಲಿ ಇದರ ಜೋಡಿ ಅರ್ಜಿಂಗ್‌ತಿಯಾವೊ ಎಂಬ ಉದ್ದ ಮೆಣಸಿನಕಾಯಿ. ಅಲ್ಲಿಯ ಅಡುಗೆಯವರು ಬಣ್ಣ ಮತ್ತು ಘಮಕ್ಕೆ ಅದನ್ನು, ಉರಿಗೆ ಬೇರೊಂದು ಸಣ್ಣ ಮೆಣಸಿನಕಾಯಿಯನ್ನು ಬೆರೆಸುತ್ತಾರೆ. ನಮ್ಮ ಮನೆಗಳಲ್ಲಿ ಖಾರಪುಡಿ ಮಾಡಿಸುವಾಗ ಬ್ಯಾಡಗಿ ಇಷ್ಟು, ಗುಂಟೂರು ಇಷ್ಟು ಎಂದು ತೂಗುವುದೂ ಇದೇ ಲೆಕ್ಕದಲ್ಲಿ. ಆ ಗುಂಟೂರು ಸೀಮೆಯ ತೇಜಾ ತಳಿಯ ದೊಡ್ಡ ಖರೀದಿದಾರರಲ್ಲಿ ಚೀನಾ ಇದೆ. ಅಲ್ಲಿಯ ಅಸಲಿ ಅಡುಗೆಯಲ್ಲಿ ಭಾರತದ ಮೆಣಸಿನಕಾಯಿ ಕುದಿಯುತ್ತಿರುತ್ತದೆ.

ಅಸಲಿ ಎಂಬ ಪ್ರಶ್ನೆ ಬ್ಯಾಡಗಿಯನ್ನೂ ಬಿಡುವುದಿಲ್ಲ. ಬ್ಯಾಡಗಿ ಪೇಟೆಗೆ ಬರುವ ಕಾಯಿಯಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಗದಗ, ಆಂಧ್ರದ ಕರ್ನೂಲು ಕಡೆಯದು. ಹಳೆಯ ನಾಟಿ ಡಬ್ಬಿ, ಕಡ್ಡಿ ಬಿತ್ತುವವರು ಕಡಿಮೆಯಾಗಿದ್ದಾರೆ, ಹೈಬ್ರಿಡ್ ಬೀಜ ಹೊಲ ತುಂಬಿದೆ. ಬ್ಯಾಡಗಿ ತಾಲ್ಲೂಕಿನಲ್ಲೇ ಗೋವಿನಜೋಳ ಹೆಚ್ಚು. ಪೇಟೆಯ ಹೆಸರು ಉಳಿದಿದೆ, ಬೆಳೆ ಊರು ಬಿಟ್ಟಿದೆ.

ಇಷ್ಟೆಲ್ಲ ಆದಮೇಲೂ ಗಾಡಿಯವನ ಪ್ರಶ್ನೆ ಉಳಿಯುತ್ತದೆ. ನಿಷೇಧಕ್ಕೆ ಮೊದಲು ರಾಜ್ಯದಲ್ಲಿ 171 ಗೋಬಿ ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಅವುಗಳ ಹೆಸರು. ಅಗ್ಗ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ರಸಾಯನಶಾಸ್ತ್ರದ್ದು. ಈ ಬಣ್ಣಗಳು ನೀರಿನಲ್ಲಿ ಕರಗುತ್ತವೆ. ಹಿಟ್ಟು ಕಲಸುವಾಗ ಚಿಟಿಕೆ ಹಾಕಿದರೆ ಸಾಕು, ಹೂಕೋಸು ಮೈಯೆಲ್ಲ ಕೆಂಪಾಗುತ್ತದೆ. ಮೆಣಸಿನಕಾಯಿಯ ಕೆಂಪು ನೀರಿಗೆ ಬಿಟ್ಟುಕೊಡುವುದಿಲ್ಲ, ಅದು ಎಣ್ಣೆಯಲ್ಲಿ ಕರಗುವ ಬಣ್ಣ. ನೀರುಹಿಟ್ಟಿಗೆ ಬ್ಯಾಡಗಿ ಪುಡಿ ಹಾಕಿ "ಬಣ್ಣ ಬರಲಿಲ್ಲ" ಎಂದು ಕೈಚೆಲ್ಲಿದರೆ ತಪ್ಪು ಬ್ಯಾಡಗಿಯದಲ್ಲ.

ಇದಕ್ಕೆ ಉಪಾಯ ಸಿಚುವಾನ್ ಅಡುಗೆಯಲ್ಲೇ ಇದೆ. ಅವರು ಮೆಣಸಿನಕಾಯಿಯನ್ನು ಹುರಿದು, ತರಿತರಿ ಕುಟ್ಟಿ, ಅದರ ಮೇಲೆ ಬಿಸಿ ಎಣ್ಣೆ ಸುರಿದು ಇಡುತ್ತಾರೆ. ಮರುದಿನಕ್ಕೆ ಎಣ್ಣೆ ರಕ್ತಗೆಂಪಾಗಿರುತ್ತದೆ. ಅದರ ಹೆಸರೇ ಕೆಂಪೆಣ್ಣೆ, ಹಾಂಗ್‌ಯೊ. ನಮ್ಮ ಅಜ್ಜಿಯರು ಕೆಂಪು ಚಟ್ನಿಗೆ ಒಗ್ಗರಣೆ ಸುರಿಯುವಾಗ ಆಗುವುದೂ ಇದೇ. ನಾನು ಮನೆಯಲ್ಲಿ ಬ್ಯಾಡಗಿ ಕಡ್ಡಿ, ಶೇಂಗಾ ಎಣ್ಣೆ, ಶಿರಸಿ ಕಡೆಯಿಂದ ತರಿಸಿದ ನಾಲ್ಕು ಜುಮ್ಮನಕಾಯಿ ಹಾಕಿ ಮಾಡಿ ನೋಡಿದೆ. ಒಂದು ಬಾಟಲಿಯನ್ನು ಗಾಡಿಯವನಿಗೂ ಕೊಟ್ಟೆ. ಕರಿದ ಗೋಬಿಯನ್ನು ಅದರಲ್ಲಿ ಹೊರಳಿಸಿದ. ಬಣ್ಣ ಮೊದಲಿನಷ್ಟು ಕಣ್ಣು ಕುಕ್ಕುವ ಕೆಂಪಲ್ಲ, ಇಟ್ಟಿಗೆಯ ಕಡೆಗೆ ವಾಲಿದ ಕೆಂಪು. ಹುಡುಗ ಒಂದು ತುಂಡು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ, ನಾಲಿಗೆ ಜುಮ್ಮೆಂದಿರಬೇಕು.

ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳವನ್ನು ಮಾತಿನಲ್ಲಿ ತೀರಿಸುವುದಿಲ್ಲ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಯಾವುದು ಉಳಿಯುತ್ತದೆ ಎಂದು ನೋಡುತ್ತಾನೆ. ಅಸಲಿ ನಕಲಿಯ ಜಗಳವನ್ನೂ ಹಾಗೆಯೇ ನೋಡಬಹುದೆನಿಸುತ್ತದೆ. ಮಂಚೂರಿ ಐವತ್ತು ವರ್ಷ ಉಳಿದಿದೆ, ಇನ್ನೂ ಉಳಿಯುತ್ತದೆ. ಬ್ಯಾಡಗಿಯ ನಾಟಿ ಮೆಣಸಿನಕಾಯಿ ಉಳಿಯುತ್ತದೆಯೇ ಎಂಬುದು ನನಗೆ ಅದಕ್ಕಿಂತ ದೊಡ್ಡ ಚಿಂತೆ.

ಹೊರಡುವಾಗ ಗಾಡಿಯವನು ಲೆಕ್ಕ ಹಾಕುತ್ತಿದ್ದ. "ರುಚಿ ಅದ ಖರೆ. ಆದ್ರ ಈ ಎಣ್ಣಿ ಹಾಕಿದ್ರ ಪ್ಲೇಟಿಗೆ ಹತ್ತು ರೂಪಾಯಿ ಏರಿಸಬೇಕಾಗ್ತದ್ರಿ. ಜನ ಕೊಡ್ತಾರ?" ಎಂದ. ಮಾರ್ಚ್ 11ರಂದು ಬ್ಯಾಡಗಿಯಲ್ಲಿ ತಮ್ಮ ಚೀಲಗಳ ಮುಂದೆ ನಿಂತಿದ್ದ ರೈತರ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ ಆಗಿತ್ತು.