ಅಂಕಿಯೂ ಅರಿವೂ: ಕ್ಯಾಲಿಫೋರ್ನಿಯಾದ ಮದ್ಯಪಾನ-ಚಾಲನಾ ಶಾಸನದ ಎರಡು ಅಳತೆಗಳು

ಅಮೆರಿಕದಲ್ಲಿ ಕುಡಿದು ವಾಹನ ನಡೆಸುವುದರ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ದಂಡಶಾಸನವಿಲ್ಲ. ಅಪರಾಧದ ವ್ಯಾಖ್ಯೆ, ಶಿಕ್ಷೆಯ ಪ್ರಮಾಣ, ಪರವಾನಗಿಯ ಅಮಾನತು ಇವೆಲ್ಲವೂ ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟ ವಿಷಯಗಳಾದ್ದರಿಂದ, ವಿಸ್ಕಾನ್ಸಿನ್‌ನಲ್ಲಿ ಮೊದಲ ಸಲ ಸಿಕ್ಕಿಬಿದ್ದವನ ಕೃತ್ಯ ಸಾಮಾನ್ಯವಾಗಿ ದಂಡ ತೆತ್ತು ಮುಗಿಯುವ ನಾಗರಿಕ ಸ್ವರೂಪದ ಉಲ್ಲಂಘನೆಯಾದರೆ, ಅದೇ ಕೃತ್ಯ ಕ್ಯಾಲಿಫೋರ್ನಿಯಾದಲ್ಲಿ ಸೆರೆವಾಸಕ್ಕೆ ಅರ್ಹವಾದ ಅಪರಾಧವಾಗುತ್ತದೆ. ಕ್ಯಾಲಿಫೋರ್ನಿಯಾದ ಶಾಸನ ವಿಶೇಷ ಅಧ್ಯಯನಕ್ಕೆ ತಕ್ಕುದಾಗಿರುವುದು ಅದರ ಕಠಿಣತೆಯಿಂದಲ್ಲ. ಅಪರಾಧವನ್ನು ಅಂಕಿಯಿಂದ ಅಳೆದು ಚಾಲಕನ ಮನಸ್ಸನ್ನು ವಿಚಾರಣೆಯಿಂದ ಹೊರಗಿಟ್ಟ ಈ ಶಾಸನ, ಸಾವು ಸಂಭವಿಸಿದಾಗ ಅದೇ ಮನಸ್ಸನ್ನು ಮರಳಿ ಕಟಕಟೆಗೆ ತರುತ್ತದೆ ಎಂಬುದು ಇಲ್ಲಿನ ವಾದ.

ರಾಜ್ಯದ ವಾಹನ ಸಂಹಿತೆಯ 23152ನೆಯ ಸೆಕ್ಷನ್ ಈ ಕೃತ್ಯವನ್ನು ಎರಡು ಪ್ರತ್ಯೇಕ ಅಪರಾಧಗಳಾಗಿ ಎಣಿಸುತ್ತದೆ. ‘ಎ’ ಉಪವಿಧಿಯ ಪ್ರಕಾರ ಮದ್ಯದ ಪ್ರಭಾವಕ್ಕೆ ಒಳಗಾಗಿ ವಾಹನ ನಡೆಸುವುದು ಅಪರಾಧ. ಇಲ್ಲಿ ಚಾಲಕನ ದೇಹ ಅಥವಾ ಬುದ್ಧಿ ಎಚ್ಚರದ ಚಾಲನೆಗೆ ಬೇಕಾದ ಹಿಡಿತವನ್ನು ಕಳೆದುಕೊಂಡಿತ್ತು ಎಂಬುದನ್ನು ಸಾಬೀತುಪಡಿಸಬೇಕು. ‘ಬಿ’ ಉಪವಿಧಿಯ ಪ್ರಕಾರ ರಕ್ತದಲ್ಲಿ ಮದ್ಯಸಾರ ಶೇ. 0.08 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ವಾಹನ ನಡೆಸಿದರೆ ಸಾಕು, ಆತ ಗೆರೆ ತಪ್ಪದೆ ಓಡಿಸಿದ್ದನೆಂಬ ಸಮರ್ಥನೆಗೆ ಅಲ್ಲಿ ಜಾಗವಿಲ್ಲ. ಚಾಲನೆಯಾದ ಮೂರು ಗಂಟೆಯೊಳಗಿನ ಪರೀಕ್ಷೆಯಲ್ಲಿ ಆ ಪ್ರಮಾಣ ಕಂಡುಬಂದರೆ ಚಾಲನೆಯ ವೇಳೆಯಲ್ಲೂ ಅಷ್ಟೇ ಇತ್ತೆಂದು ಕಾಯ್ದೆ ಪೂರ್ವಭಾವಿಸುತ್ತದೆ. ಇದು ಎದುರು ಸಾಕ್ಷ್ಯದಿಂದ ಅಲ್ಲಗಳೆಯಬಹುದಾದ ಪೂರ್ವಭಾವನೆ. ಒಂದೇ ಪಯಣಕ್ಕೆ ಎರಡೂ ಆರೋಪಗಳನ್ನು ಹೊರಿಸುವುದು ರೂಢಿಯಾದರೂ ಶಿಕ್ಷೆ ಒಂದಕ್ಕೆ ಮಾತ್ರ.

ಅಂಕಿಯನ್ನೇ ಅಪರಾಧವಾಗಿಸಿದ ವಿಧಿ 1982ರಲ್ಲಿ ಶೇ. 0.10ರ ಮಿತಿಯೊಂದಿಗೆ ಜಾರಿಗೆ ಬಂದು, 1990ರಲ್ಲಿ 0.08ಕ್ಕೆ ಇಳಿಯಿತು. ಮಗಳನ್ನು ಇಂಥದೇ ಅಪಘಾತದಲ್ಲಿ ಕಳೆದುಕೊಂಡ ಕ್ಯಾಂಡಿ ಲೈಟ್ನರ್ 1980ರಲ್ಲಿ ಇದೇ ರಾಜ್ಯದಲ್ಲಿ ಆರಂಭಿಸಿದ ತಾಯಂದಿರ ಸಂಘಟನೆಯ ಒತ್ತಾಯ ಆ ದಶಕದ ಶಾಸನಗಳ ಹಿಂದೆ ಸ್ಪಷ್ಟವಾಗಿ ಕಾಣುತ್ತದೆ. ತನ್ನ ರಕ್ತದಲ್ಲಿ ಎಷ್ಟು ಮದ್ಯಸಾರವಿದೆಯೆಂದು ಕುಡಿದವನಿಗೆ ತಿಳಿಯುವುದೇ ಸಾಧ್ಯವಿಲ್ಲದಿರುವಾಗ ಆ ಪ್ರಮಾಣವನ್ನೇ ಅಪರಾಧವೆನ್ನುವುದು ನ್ಯಾಯವೇ ಎಂಬ ಪ್ರಶ್ನೆ 1983ರ ಬರ್ಗ್ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಗಣನೀಯ ಪ್ರಮಾಣದಲ್ಲಿ ಕುಡಿದು ಚಾಲಕನ ಆಸನದಲ್ಲಿ ಕೂರುವವನಿಗೆ ತಾನು ಗೆರೆಯ ಹತ್ತಿರವಿರುವ ಅರಿವಂತೂ ಇದ್ದೇ ಇರುತ್ತದೆಂಬ ಧಾಟಿಯಲ್ಲಿ ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಧಿಯನ್ನು ಉಳಿಸಲು ನ್ಯಾಯಾಲಯ ಮನಸ್ಸಿನ ಅರಿವನ್ನೇ ಆಶ್ರಯಿಸಬೇಕಾಯಿತೆಂಬುದು ಗಮನಾರ್ಹ.

ಉಸಿರಿನ ಪರೀಕ್ಷೆಯ ವಿಷಯದಲ್ಲಿ ಈ ತೊಡಕು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಉಪಕರಣ ಅಳೆಯುವುದು ಉಸಿರಿನಲ್ಲಿರುವ ಮದ್ಯಸಾರವನ್ನು; ಅದನ್ನು ರಕ್ತದ ಪ್ರಮಾಣಕ್ಕೆ ಪರಿವರ್ತಿಸಲು 2100 ಭಾಗ ಉಸಿರು ಒಂದು ಭಾಗ ರಕ್ತಕ್ಕೆ ಸಮವೆಂಬ ಸರಾಸರಿ ಅನುಪಾತವನ್ನು ಬಳಸಲಾಗುತ್ತದೆ. ಈ ಅನುಪಾತ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ ವಕೀಲರು ಅದನ್ನೇ ಪ್ರಶ್ನಿಸತೊಡಗಿದಾಗ, 210 ಲೀಟರ್ ಉಸಿರಿನಲ್ಲಿ 0.08 ಗ್ರಾಂ ಮದ್ಯಸಾರವೆಂಬುದನ್ನು ಶಾಸನಸಭೆ ಅಪರಾಧದ ವ್ಯಾಖ್ಯೆಯೊಳಕ್ಕೇ ಸೇರಿಸಿಬಿಟ್ಟಿತು. ಹೀಗಾಗಿ ‘ಬಿ’ ಉಪವಿಧಿಯ ಆರೋಪದಲ್ಲಿ ವೈಯಕ್ತಿಕ ಅನುಪಾತದ ಚರ್ಚೆಗೆ ಅವಕಾಶವಿಲ್ಲವೆಂದು 1994ರ ಬ್ರಾನ್ಸ್‌ಫರ್ಡ್ ತೀರ್ಪು ಹೇಳಿದರೆ, ‘ಎ’ ಉಪವಿಧಿಯ ಆರೋಪದಲ್ಲಿ ಅನುಪಾತ ಬದಲಾಗುತ್ತದೆಂಬ ಸಾಕ್ಷ್ಯವನ್ನು ತರಬಹುದೆಂದು 2009ರ ಮ್ಯಾಕ್‌ನೀಲ್ ತೀರ್ಪು ಹೇಳಿತು. ಒಂದೇ ಉಪಕರಣದ ಒಂದೇ ಫಲಿತಾಂಶ ಒಂದು ಆರೋಪದಲ್ಲಿ ಪ್ರಶ್ನಾತೀತವಾಗಿ, ಪಕ್ಕದ ಆರೋಪದಲ್ಲಿ ವಾದಕ್ಕೆ ತೆರೆದುಕೊಂಡು ನಿಲ್ಲುತ್ತದೆ. ಪಂಚರಿಗೆ, ಅಂದರೆ ಜ್ಯೂರಿಗೆ, ಇದನ್ನು ವಿವರಿಸುವ ನ್ಯಾಯಾಧೀಶರ ಪಾಡು ಸುಲಭದ್ದಲ್ಲ.

ಈ ಮಿತಿಯೂ ಎಲ್ಲರಿಗೂ ಒಂದೇ ಅಲ್ಲ. ವಾಣಿಜ್ಯ ವಾಹನ ನಡೆಸುವವರಿಗೆ 0.04, ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವವರಿಗೆ 2018ರ ಜುಲೈಯಿಂದ ಅಷ್ಟೇ. 21 ವರ್ಷ ತುಂಬದವರ ಪರವಾನಗಿಗೆ 0.01 ಇದ್ದರೂ ಕುತ್ತು. ರಾಜ್ಯಗಳ ಹೆದ್ದಾರಿ ಅನುದಾನಕ್ಕೆ 0.08ರ ಷರತ್ತನ್ನು ಬಿಗಿದ 2000ದ ಒಕ್ಕೂಟ ಕಾಯ್ದೆಯ ನಂತರ ಈ ಅಂಕಿ ದೇಶದ ಸಾಮಾನ್ಯ ಅಂಕಿಯಾಯಿತು. ಯೂಟಾ ರಾಜ್ಯ ಮಾತ್ರ 2018ರ ಕೊನೆಯಲ್ಲಿ 0.05ಕ್ಕೆ ಇಳಿಯಿತು.

ಬಂಧಿತ ಚಾಲಕ ಎರಡು ಅಧಿಕಾರಗಳಿಗೆ ಏಕಕಾಲದಲ್ಲಿ ಉತ್ತರಿಸಬೇಕಾಗುತ್ತದೆ. ಮೋಟಾರು ವಾಹನ ಇಲಾಖೆ ನ್ಯಾಯಾಲಯದ ತೀರ್ಪಿಗೆ ಕಾಯದೆ ಪರವಾನಗಿಯನ್ನು ಅಮಾನತುಗೊಳಿಸುವ ಆಡಳಿತ ಕ್ರಮ 1990ರಿಂದ ರೂಢಿಯಲ್ಲಿದೆ. ಪೊಲೀಸರು ಕಾರ್ಡನ್ನು ಕಿತ್ತುಕೊಂಡು 30 ದಿನದ ತಾತ್ಕಾಲಿಕ ಚೀಟಿ ಕೊಡುತ್ತಾರೆ. ಹತ್ತು ದಿನದೊಳಗೆ ವಿಚಾರಣೆ ಕೇಳದಿದ್ದವರ ಪರವಾನಗಿ, ಮೊದಲ ಸಲವಾದರೆ ನಾಲ್ಕು ತಿಂಗಳು ಅಮಾನತಾಗುತ್ತದೆ, ಪರೀಕ್ಷೆಗೆ ಒಪ್ಪದಿದ್ದವರದು ಒಂದು ವರ್ಷ. ರಸ್ತೆಗೆ ವಾಹನ ಇಳಿಸಿದವರು ಬಂಧನವಾದಲ್ಲಿ ಪರೀಕ್ಷೆಗೆ ಒಪ್ಪಿದಂತೆಯೇ ಎಂಬ ‘ಸೂಚಿತ ಸಮ್ಮತಿ’ಯ ತತ್ತ್ವ ಇದಕ್ಕೆ ಆಧಾರ. ಒತ್ತಾಯದ ರಕ್ತಪರೀಕ್ಷೆಯನ್ನು ಒಪ್ಪಿದ 1966ರ ಶ್ಮರ್ಬರ್ ತೀರ್ಪು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಪ್ರಕರಣದಿಂದಲೇ. ಆದರೆ ಉಸಿರಿನ ಪರೀಕ್ಷೆಗೆ ವಾರಂಟ್ ಬೇಡ, ರಕ್ತಕ್ಕೆ ಸಾಮಾನ್ಯವಾಗಿ ಬೇಕು ಎಂಬ ವಿಂಗಡಣೆಯನ್ನು ದೇಶದ ಸುಪ್ರೀಂ ಕೋರ್ಟ್ 2016ರ ಬರ್ಚ್‌ಫೀಲ್ಡ್ ತೀರ್ಪಿನಲ್ಲಿ ಮಾಡಿತು.

ನ್ಯಾಯಾಲಯ ವಿಧಿಸುವ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಅಪರಾಧಕ್ಕೆ 96 ಗಂಟೆಯಿಂದ ಆರು ತಿಂಗಳವರೆಗಿನ ಸೆರೆ, 390ರಿಂದ 1000 ಡಾಲರ್ ದಂಡ. ಆದರೆ ದಂಡದ ಮೇಲೆ ರಾಜ್ಯ ಮತ್ತು ಕೌಂಟಿಗಳು ಹೇರುವ ಉಪಶುಲ್ಕಗಳಿಂದ 390 ಡಾಲರ್ ಹಲವು ಪಟ್ಟಾಗಿ ಬೆಳೆಯುತ್ತದೆ. ರೂಢಿಯಲ್ಲಿ ಬಹುತೇಕರಿಗೆ ಸಿಗುವುದು ಮೂರರಿಂದ ಐದು ವರ್ಷದ ಪ್ರೊಬೇಷನ್, ಅಂದರೆ ಷರತ್ತುಬದ್ಧ ಬಿಡುಗಡೆ, ಮತ್ತು ಕನಿಷ್ಠ ಮೂರು ತಿಂಗಳ ಶಿಕ್ಷಣ ತರಗತಿ. ಎರಡನೆಯ ಸಲ 90 ದಿನ, ಮೂರನೆಯ ಸಲ 120 ದಿನ ಕನಿಷ್ಠ ಸೆರೆ. ನಾಲ್ಕನೆಯದನ್ನು ಘೋರ ಅಪರಾಧವೆಂದು ದಾಖಲಿಸಿ ರಾಜ್ಯದ ಕಾರಾಗೃಹಕ್ಕೂ ಕಳಿಸಬಹುದು. ಹಿಂದಿನ ಎಷ್ಟು ವರ್ಷಗಳ ಅಪರಾಧಗಳನ್ನು ಈ ಲೆಕ್ಕಕ್ಕೆ ಸೇರಿಸಬೇಕೆಂಬ ಅವಧಿ ಮೊದಲು ಏಳು ವರ್ಷವಿದ್ದದ್ದು 2005ರಿಂದ ಹತ್ತಾಗಿದೆ.

ಸಿಲಿಕಾನ್ ಕಣಿವೆಯ ಕನ್ನಡಿಗರಂಥ ವಲಸಿಗರಿಗೆ ಈ ಮೆಟ್ಟಿಲುಗಳ ಆಚೆ ಇನ್ನೊಂದು ದಂಡವಿದೆ, ಅದು ವಾಹನ ಸಂಹಿತೆಯಲ್ಲಿ ಎಲ್ಲೂ ಬರೆದಿಲ್ಲ. ಹಿಂದಿನ ಐದು ವರ್ಷಗಳಲ್ಲಿ ಇಂಥ ಬಂಧನವಾಗಿದ್ದರೆ, ತೀರ್ಪು ಬರುವ ಮೊದಲೇ, ವೀಸಾವನ್ನು ಮುನ್ನೆಚ್ಚರಿಕೆಯಿಂದ ರದ್ದುಗೊಳಿಸುವ ನೀತಿಯನ್ನು ಅಮೆರಿಕದ ವಿದೇಶಾಂಗ ಇಲಾಖೆ 2015ರಿಂದ ಅನುಸರಿಸುತ್ತಿದೆ. ಇದರಿಂದ ದೇಶದೊಳಗಿನ ವಾಸದ ಹಕ್ಕು ತಾನಾಗಿ ಹೋಗದಿದ್ದರೂ, ಊರಿಗೆ ಬಂದವರು ಮರಳಲು ಹೊಸ ವೀಸಾಕ್ಕೆ ಅರ್ಜಿ ಹಾಕಬೇಕಾಗುತ್ತದೆ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಭಾರತದ ಮಿತಿಯಿಂದ 80 ಮಿಲಿಗ್ರಾಂ ಮಿತಿಯ ರಾಜ್ಯಕ್ಕೆ ಹೋದವರಿಗೆ ಕಾನೂನು ಸಡಿಲವಾದಂತೆ ತೋರಬಹುದು. ಸಡಿಲವಿರುವುದು ಅಂಕಿ ಮಾತ್ರ.

ಸಾವು ಸಂಭವಿಸಿದ ಪ್ರಕರಣಗಳಲ್ಲಿ ಅಂಕಿ ಹಿಂದೆ ಸರಿಯುತ್ತದೆ. 1979ರ ಜನವರಿಯಲ್ಲಿ ರೆಡ್ಡಿಂಗ್ ನಗರದಲ್ಲಿ ಬಾರೊಂದರಿಂದ ಹೊರಟ ಚಾಲಕನೊಬ್ಬ ಒಮ್ಮೆ ಕೆಂಪು ದೀಪ ದಾಟಿ ಡಿಕ್ಕಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಮೇಲೂ ವೇಗ ಹೆಚ್ಚಿಸಿ, ಗಂಟೆಗೆ 35 ಮೈಲಿ ಮಿತಿಯ ರಸ್ತೆಯಲ್ಲಿ ಸುಮಾರು 84 ಮೈಲಿ ವೇಗದಲ್ಲಿ ಸಾಗಿ, ಇನ್ನೊಂದು ಕಾರಿನಲ್ಲಿದ್ದ ತಾಯಿ ಮತ್ತು ಆರು ವರ್ಷದ ಮಗಳ ಸಾವಿಗೆ ಕಾರಣನಾದ. 1981ರ ವ್ಯಾಟ್ಸನ್ ತೀರ್ಪು ಇದನ್ನು ನರಹತ್ಯೆಯಷ್ಟೇ ಅಲ್ಲ, ಎರಡನೆಯ ದರ್ಜೆಯ ಕೊಲೆಯೆಂದೂ ಆರೋಪಿಸಬಹುದೆಂದಿತು. ಕೊಲ್ಲುವ ಉದ್ದೇಶವಿಲ್ಲದಿದ್ದರೂ, ತನ್ನ ಕೃತ್ಯ ಜೀವಕ್ಕೆ ಅಪಾಯವೆಂದು ತಿಳಿದೂ ಅದನ್ನು ಲೆಕ್ಕಿಸದೆ ಮುಂದುವರಿಯುವುದು ‘ಸೂಚಿತ ದುರುದ್ದೇಶ’ವಾಗುತ್ತದೆಂಬುದು ಅದರ ತಿರುಳು. ಕುಡಿದ ಸ್ಥಿತಿಯ ಗುರುತರ ನರಹತ್ಯೆಗೆ ನಾಲ್ಕು, ಆರು ಅಥವಾ ಹತ್ತು ವರ್ಷದ ಸೆರೆಯಾದರೆ, ಎರಡನೆಯ ದರ್ಜೆಯ ಕೊಲೆಗೆ ಹದಿನೈದು ವರ್ಷದಿಂದ ಜೀವಾವಧಿ. ಈ ಅಂತರವೆಲ್ಲ ‘ಆತನಿಗೆ ತಿಳಿದಿತ್ತೇ’ ಎಂಬ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಆ ತಿಳಿವನ್ನು ಸಾಬೀತುಪಡಿಸುವ ಸಾಧನವನ್ನು ಶಾಸನಸಭೆ ಮುಂದೆ 23593ನೆಯ ಸೆಕ್ಷನ್ ಮೂಲಕ ಒದಗಿಸಿತು. ಕುಡಿದು ವಾಹನ ನಡೆಸುವುದು ಜೀವಕ್ಕೆ ಅತ್ಯಂತ ಅಪಾಯಕಾರಿ, ಮುಂದೆ ಹಾಗೆ ಮಾಡಿ ಯಾರಾದರೂ ಸತ್ತರೆ ಕೊಲೆಯ ಆರೋಪ ಬರಬಹುದು ಎಂಬ ಎಚ್ಚರಿಕೆಯನ್ನು ದೋಷಿ ಎನಿಸಿದ ಪ್ರತಿಯೊಬ್ಬನಿಗೂ ನ್ಯಾಯಾಲಯ ಕೊಡಬೇಕು, ಕೊಟ್ಟದ್ದು ದಾಖಲೆಯಲ್ಲಿ ಉಳಿಯಬೇಕು. ದಂಡ ಕಟ್ಟಿ ಮನೆಗೆ ಹೋಗುವ ಆತುರದಲ್ಲಿ ಹಲವು ನಮೂನೆಗಳ ನಡುವೆ ರುಜು ಬೀಳುವ ಈ ಹಾಳೆಯೇ ವರ್ಷಗಳ ನಂತರ ಅಭಿಯೋಜಕರ ಮೊದಲ ಸಾಕ್ಷ್ಯವಾಗಬಹುದು. ವ್ಯಾಟ್ಸನ್ ಪ್ರಕರಣದಲ್ಲಿ ಅಂಥ ಹಾಳೆ ಇರಲಿಲ್ಲ. ಕುಡಿಯಲು ಹೋದಾಗ ಆತ ತಾನೇ ಕಾರು ನಡೆಸಿಕೊಂಡು ಹೋಗಿದ್ದ, ಮರಳುವಾಗಲೂ ತಾನೇ ನಡೆಸಬೇಕಾದೀತೆಂದು ಆತನಿಗೆ ತಿಳಿದಿರಲೇಬೇಕು ಎಂದು ನ್ಯಾಯಾಲಯ ಸಂಗತಿಗಳಿಂದಲೇ ಅರಿವನ್ನು ಊಹಿಸಿತ್ತು. ಈಗ ಆ ಊಹೆಯ ಕೆಲಸವನ್ನು ರುಜು ಮಾಡುತ್ತಿದೆ, ಓದದೆ ಹಾಕಿದ ರುಜುವಾದರೂ.