ನಿಂತ ಗಿರಣಿಗೆ ಹೊಸ ಜೀವ



ನಮ್ಮ ಎರಿಭೂಮಿಗೂ ಹತ್ತಿಗೂ ಇರುವ ನಂಟನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಹತ್ತಿಯ ಬೆನ್ನುಹತ್ತಿ ಗಿರಣಿ ಹೇಗೆ ಬಂತು, ಗಿರಣಿ ನಿಂತ ಮೇಲೆ ಅದರ ಕಟ್ಟಡ ಏನಾಗಬೇಕು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಹಿಂದೆ ಹತ್ತಿಯ ಕಾಳು ತೆಗೆಯುವುದು ಮನೆಗೆಲಸವೇ ಆಗಿತ್ತು. ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆ ಉರುಳಿಸಿ ಅರಳೆ ಬಿಡಿಸುತ್ತಿದ್ದರು. 1840ರ ದಶಕದಲ್ಲಿ ಕಂಪನಿ ಸರಕಾರ ಧಾರವಾಡ ಜಿಲ್ಲೆಗೆ ಅಮೇರಿಕದ ಹತ್ತಿಬೀಜ ತರಿಸಿತು. ಅದರ ಅರಳೆ ಕಾಳಿಗೆ ಬಿಗಿಯಾಗಿ ಅಂಟಿರುತ್ತದೆ, ಸಲಾಕೆಗೆ ಜಗ್ಗುವುದಿಲ್ಲ. ಅದಕ್ಕೇ ಗರಗಸದ ಹಲ್ಲಿನ ಜಿನ್ನು ಬೇಕಾಯಿತು. ಮುಂದೆ 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ಹೊಳೆಆಲೂರಿನ ಮೇಲೆ ಹಾದು ಬಾಗಲಕೋಟೆ, ವಿಜಾಪುರದ ಕಡೆಗೂ ಹೊರಟಿತು. ರೈಲು ಬಂದಲ್ಲಿ ಜಿನ್ನು, ಪ್ರೆಸ್ಸು ಎದ್ದವು. ಮನೆಯ ಕೆಲಸ ಗಿರಣಿಯ ಪಾಲಾಯಿತು ನೋಡ್ರಿ.

ಇಂಥ ಗಿರಣಿಗಳಿಗೂ ಮುಪ್ಪು ಬರುತ್ತದೆ. ಯಂತ್ರ ಹಳತಾಗುತ್ತದೆ, ವ್ಯಾಪಾರ ಬೇರೆ ಕಡೆ ಹೋಗುತ್ತದೆ. ಆಮೇಲೆ ತಗಡು ಒಬ್ಬರು, ತೊಲೆ ಒಬ್ಬರು ಒಯ್ಯುತ್ತಾರೆ. ಹಾಗೇ ಆಗಬೇಕೇ?

ಇಂಗ್ಲೆಂಡಿನ ಒಂದು ಊರಿನ ಕಥೆ ಕೇಳ್ರಿ. ಯಾರ್ಕ್‌ಶೈರಿನಲ್ಲಿ ಟೈಟಸ್ ಸಾಲ್ಟ್ ಎಂಬ ಸಾಹುಕಾರ 1853ರಲ್ಲಿ ದೊಡ್ಡ ಉಣ್ಣೆ ಗಿರಣಿ ತೆರೆದ. ಸುತ್ತಲೂ ಕೂಲಿಕಾರರಿಗೆ ಮನೆ, ಸಾಲೆ, ದವಾಖಾನೆ ಕಟ್ಟಿಸಿದ. ಆ ಊರಿಗೆ ಸಾಲ್ಟೇರ್ ಎಂದೇ ಹೆಸರಾಯಿತು. 1986ರಲ್ಲಿ ಗಿರಣಿ ನಿಂತಿತು. ಮರುವರ್ಷ ಜೊನಾಥನ್ ಸಿಲ್ವರ್ ಎಂಬವರು ಅದನ್ನು ಕೊಂಡರು. ಕೆಡವಲಿಲ್ಲ. ಹತ್ತಿರದ ಬ್ರಾಡ್‌ಫರ್ಡಿನಲ್ಲಿ ಹುಟ್ಟಿದ ಡೇವಿಡ್ ಹಾಕ್ನಿ ಎಂಬ ಹೆಸರಾಂತ ಚಿತ್ರಕಾರರ ಚಿತ್ರಗಳನ್ನು ಅಲ್ಲಿ ತೂಗಹಾಕಿದರು. ಕಟ್ಟಡದ ಇನ್ನೊಂದು ಭಾಗವನ್ನು ಉದ್ಯಮಕ್ಕೆ ಬಾಡಿಗೆ ಕೊಟ್ಟರು. ಕಲೆಯೂ ಉಳಿಯಿತು, ಕೆಲಸವೂ ಸಿಕ್ಕಿತು. 2001ರಲ್ಲಿ ಆ ಊರು ವಿಶ್ವಪರಂಪರೆಯ ಪಟ್ಟಿ ಸೇರಿತು.

'ಅದು ಸಾಹುಕಾರರ ದೇಶ, ನಮಗೆಲ್ಲಿಂದ ಆದೀತು?' ಅಂತೀರಾ? ಕಲೆಯಲ್ಲಿ ನಾವೇನು ಬಡವರಲ್ಲ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ರೋಣದಲ್ಲಿ. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಕುರುಡ ಮಕ್ಕಳಿಗೆ ಸಂಗೀತ ಕಲಿಸಿದರು, ನಾಟಕ ಕಂಪನಿ ಕಟ್ಟಿ ಆಶ್ರಮ ನಡೆಸಿದರು. ಗಜೇಂದ್ರಗಡದ ನೇಕಾರರ ಕೈಯಲ್ಲಿ ಸೀರೆಯೇ ಚಿತ್ರವಾಗುತ್ತದೆ. ದೊಡ್ಡಾಟ, ಸಣ್ಣಾಟ, ಭಜನೆ ನಿಮ್ಮ ಊರಲ್ಲೇ ಅದಾವ. ಇಲ್ಲದ್ದು ಒಂದೇ, ಮಳೆಗಾಲದಲ್ಲಿ ತಾಲೀಮಿಗೆ ಒಂದು ಸೂರು.

ನಿಮ್ಮ ಊರಲ್ಲಿ ಹಳೇ ಜಿನ್ನಿನ ಕಟ್ಟಡವೋ ಗಿರಣಿಯೋ ಪಾಳುಬಿದ್ದಿದ್ದರೆ ಮೊದಲು ಅದು ಯಾರ ಹೆಸರಿಗಿದೆ ಎಂದು ಕಾಗದಪತ್ರ ನೋಡ್ರಿ. ಗೋಡೆ, ತೊಲೆ, ತಗಡು ಗಟ್ಟಿ ಅದಾವೋ ಇಲ್ಲವೋ ತಿಳಿದವರಿಗೆ ತೋರಿಸ್ರಿ. ಅರ್ಧ ಜಾಗ ಕಾಳುಕಡಿ ಇಡಲು ಬಾಡಿಗೆಗೆ ಹೋದರೆ, ಉಳಿದರ್ಧ ಆಟಕ್ಕೂ ಪಾಠಕ್ಕೂ ಆದೀತು. ಒಂದು ಯಂತ್ರವನ್ನು ಮಾತ್ರ ಗುಜರಿಗೆ ಹಾಕಬ್ಯಾಡ್ರಿ, ಮಕ್ಕಳು ನೋಡಲಿ. ಅದರ ಮುಂದೆ ದುಡಿದ ಅಜ್ಜ-ಅಜ್ಜಿಯರು ಇನ್ನೂ ಇರುವಾಗಲೇ ಅವರ ಮಾತು ಬರೆದಿಡ್ರಿ. ಬಿದ್ದ ಗೋಡೆ ಮತ್ತೆ ಕಟ್ಟಬಹುದು, ಹೋದ ನೆನಪು ಮತ್ತೆ ಸಿಗದು.

ಬರುವ ಅಮಾಸಿಗೆ ಊರಿನ ಹಿರಿಯರು ಕಟ್ಟೆಯ ಮೇಲೆ ಕೂಡಿದಾಗ ಈ ಮಾತು ಒಮ್ಮೆ ಎತ್ತಿ ನೋಡ್ರಿ.