ಕಾಳಿಯ ಕಲ್ಲು, ಕೆಂಚನ ತುತ್ತು

ನಾಯಿ ಸತ್ತಿತೆಂದು ರಜೆ ಕೊಡುವ ನಿಯಮ ಯಾವ ಕಾಲೇಜಿನಲ್ಲಿಯೂ ಇಲ್ಲ. ಆದುದರಿಂದ ಅರ್ಜಿಯಲ್ಲಿ 'ಮನೆಯಲ್ಲಿ ಅನಾನುಕೂಲವಾದ ಕಾರಣ' ಎಂದು ಬರೆದೆ. ಮರುದಿನ ಸಹೋದ್ಯೋಗಿಯೊಬ್ಬರು, "ಏನು ಮೇಷ್ಟ್ರೇ, ಎಲ್ಲ ಕ್ಷೇಮ ತಾನೆ?" ಎಂದು ಕೇಳಿದರು. "ವಯಸ್ಸಾದವರೊಬ್ಬರು ಹೋಗಿಬಿಟ್ಟರು" ಎಂದೆ. ಆ ಮಾತು ಸುಳ್ಳೆಂದು ನನಗೆ ಇಂದಿಗೂ ಅನಿಸಿಲ್ಲ. ಕೆಂಚನಿಗೆ ಹದಿನಾಲ್ಕು ವರ್ಷ ತುಂಬಿತ್ತು; ನಾಯಿಗಳ ಲೆಕ್ಕದಲ್ಲಿ ಅದು ಮುಪ್ಪಿನ ಮುಪ್ಪು.

ಕೆಂಚ ಜಾತಿನಾಯಿಯೇನೂ ಅಲ್ಲ. ನಮ್ಮ ಅಜ್ಜಂಪುರವೆಂದರೆ ಹೊರಗಿನವರಿಗೆ ನೆನಪಾಗುವುದು ಅಮೃತಮಹಲ್ ದನಗಳ ತಳಿಕೇಂದ್ರ. ಮೈಸೂರು ಅರಸರ ಕಾಲದಿಂದ ಬಂದ ಆ ರಾಸುಗಳಿಗೆ ವಂಶವುಂಟು, ದಾಖಲೆಯುಂಟು. ಕೆಂಚನಿಗೆ ಅದಾವುದೂ ಇರಲಿಲ್ಲ. ಒಂದು ಮಳೆಗಾಲದ ಬೆಳಗ್ಗೆ ಹಾಲಿನವನ ಹಿಂದೆ ಬಂದ ಮರಿ, ಹಾಲಿನವನು ಹೋದ ಮೇಲೂ ಹೋಗಲಿಲ್ಲ. ಅಷ್ಟೇ ಅವನ ಚರಿತ್ರೆ. ದಿನವೂ ನಾನು ಕಡೂರಿನ ರೈಲಿಗೆ ಹೊರಟಾಗ ಬೀದಿಯ ಕೊನೆಯವರೆಗೆ ಬಂದು ಬೀಳ್ಕೊಡುತ್ತಿದ್ದ. ಕೊನೆಯ ದಿನ ಏಳಲಾರದೆ ಹೊಸ್ತಿಲಿಗೆ ಅಡ್ಡವಾಗಿ ಮಲಗಿ, ಬಾಲವನ್ನು ಮಾತ್ರ ಎರಡು ಬಾರಿ ನೆಲಕ್ಕೆ ಬಡಿದ. ರೈಲಿಗೆ ಹೊತ್ತಾಗಿತ್ತು. ಅವನನ್ನು ದಾಟಿಕೊಂಡು ಹೋದೆ. ಸಂಜೆ ಬಂದಾಗ ಹೊಸ್ತಿಲು ಬರಿದಾಗಿತ್ತು.

ಅಂದು ತರಗತಿಯಲ್ಲಿ ನಾನು ಹೇಳುತ್ತಿದ್ದ ಪಾಠವನ್ನು ನೆನೆದರೆ ಈಗ ನಗು ಬರುತ್ತದೆ, ನೋವೂ ಆಗುತ್ತದೆ. ಅದು ಕಡೂರಿನದೇ ಆದ ಒಂದು ಶಾಸನ, ಕ್ರಿ. ಶ. ೯೭೧ರದು. ಗಂಗರ ದೊರೆ ಇಮ್ಮಡಿ ಬೂತುಗನ ಅಕ್ಕ ಪಾಂಬಬ್ಬೆ ಅರಮನೆಯ ಬಾಳನ್ನು ತೊರೆದು, ತಲೆಗೂದಲನ್ನು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟಳೆಂದು ಅದು ಹೇಳುತ್ತದೆ. ಮಮತೆಯನ್ನು ಬಿಡುವುದು ಎಷ್ಟು ದೊಡ್ಡದೆಂದು ನಾನು ಮಕ್ಕಳಿಗೆ ಗಟ್ಟಿಯಾಗಿ ವಿವರಿಸುತ್ತಿದ್ದೆ. ಅದೇ ಹೊತ್ತಿಗೆ ಮನೆಯಲ್ಲಿ ಕೆಂಚ ನಮ್ಮನ್ನೆಲ್ಲ ಬಿಡುತ್ತಿದ್ದ.

ದುಃಖ ಬಂದಾಗ ಕನ್ನಡದ ಮೇಷ್ಟರು ಇನ್ನೆಲ್ಲಿಗೆ ಹೋದಾರು? ಕಪಾಟಿನ ಬಳಿಗೇ ಹೋದೆ. ಮಹಾಕಾವ್ಯಗಳಲ್ಲಿ ರಾಜರ ಸಾವಿಗೆ ಬೇಕಾದಷ್ಟು ಶೋಕವಿದೆ, ಆನೆ ಕುದುರೆಗಳಿಗೂ ಪಾಲಿದೆ, ನಾಯಿಗೆ ಏನಿದೆ? ಹುಡುಕುತ್ತ ಹುಡುಕುತ್ತ ಆ ಪಾಂಬಬ್ಬೆಯ ತಮ್ಮನ ಜಾಡನ್ನೇ ಹಿಡಿದು ಒಂದು ಕಲ್ಲಿನ ಮುಂದೆ ಬಂದು ನಿಂತೆ. ಅದು ಆತಕೂರಿನ ಶಾಸನ.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಊರು. ಕಲ್ಲು ಈಗಿರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಶಾಸನದ ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯–೫೦. ಪಂಪ ತನ್ನ ಭಾರತವನ್ನು ಮುಗಿಸಿ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣ, ನಮ್ಮ ಶಾಸನಗಳ ಕನ್ನರದೇವ, ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದ. ಆ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು ಬೂತುಗ. ಅದಕ್ಕೆ ಪ್ರತಿಯಾಗಿ ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ದೊರೆತವು. ಇತಿಹಾಸಕಾರರಿಗೆ ಈ ಕಲ್ಲು ಮುಖ್ಯವಾದದ್ದು ಈ ಕಾರಣದಿಂದಲೇ. ಫ್ಲೀಟ್, ರೈಸ್ ಮೊದಲಾದ ಪಂಡಿತರ ಕಾಲದಿಂದ ತಕ್ಕೋಲದ ಯುದ್ಧದ ಮಾತು ಬಂದಲ್ಲೆಲ್ಲ ಇದನ್ನು ಸಾಕ್ಷಿಗೆ ಕರೆಯುತ್ತಾರೆ.

ಆದರೆ ಕಲ್ಲು ನಿಂತದ್ದು ಯುದ್ಧಕ್ಕಾಗಿ ಅಲ್ಲ, ಒಂದು ನಾಯಿಗಾಗಿ!

ಬೂತುಗನ ಆಳು ಮಣಲೆರ ಎಂಬವನು ಅದೇ ಯುದ್ಧದಲ್ಲಿ ಎದೆಗೊಟ್ಟು ಕಾದಿದ್ದ. ಒಡೆಯ ಮೆಚ್ಚಿ 'ಬೇಕಾದ್ದನ್ನು ಬೇಡು' ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ನಾಡುಗಳು ಸಾವಿರದ ಲೆಕ್ಕದಲ್ಲಿ ಕೈ ಬದಲಾಗುತ್ತಿದ್ದ ಆ ಗಳಿಗೆಯಲ್ಲಿ ಒಬ್ಬನ ಕಣ್ಣು ಒಂದು ನಾಯಿಯ ಮೇಲೆ ನೆಟ್ಟಿತ್ತೆಂದರೆ, ಆ ನಾಯಿ ಎಂಥದಿರಬೇಕು, ಆ ಮನುಷ್ಯ ಎಂಥವನಿರಬೇಕು! ಬೆಳತೂರಿನ ಗುಡ್ಡದ ಬಳಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿ ಹಂದಿಗಳೆರಡೂ ಒಂದನ್ನೊಂದು ಕೊಂದು ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಕಟ್ಟಳೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ! ಶಾಸನಗಳ ಶಾಪಗಳು ಸಾಮಾನ್ಯವಾಗಿ ದೊಡ್ಡ ದೊಡ್ಡ ಮಾತುಗಳು. ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಕಡಿಮೆ ಇಲ್ಲ. ಇಲ್ಲಿ ಮಾತ್ರ ಶಾಪವೂ ನಾಯಿಯ ಅಳತೆಯದು. ಮಣಲೆರ ಕೇಳಿದ್ದು ಇಷ್ಟೇ: ಊಟಕ್ಕೆ ಮುಂಚೆ ಯಾರಾದರೊಬ್ಬರು ದಿನಕ್ಕೊಮ್ಮೆ ನನ್ನ ಕಾಳಿಯನ್ನು ನೆನೆಯಲಿ. ದುಃಖವುಳ್ಳವನಿಗೆ ಅದಕ್ಕಿಂತ ಹೆಚ್ಚಿನದು ಬೇಡ. ಸಾವಿರ ವರ್ಷದ ಹಿಂದಿನ ಒಬ್ಬ ಯೋಧ ನಾಚಿಕೆಯಿಲ್ಲದೆ ಕಲ್ಲಿನ ಮೇಲೆ ಬರೆಸಿದ ದುಃಖವನ್ನು ನಾನು ರಜೆಯ ಅರ್ಜಿಯಲ್ಲಿ ಬಚ್ಚಿಟ್ಟಿದ್ದೆನಲ್ಲ ಎನಿಸಿತು.

ಆದರೆ ಕಾಳಿ ವೀರನಾಯಿ. ನನ್ನ ಕೆಂಚ ಹಂದಿಯ ಮೇಲೆ ಹೋದವನಲ್ಲ. ಬೆಕ್ಕು ಎದುರಾದರೆ ತಾನೇ ಪಕ್ಕಕ್ಕೆ ಸರಿಯುತ್ತಿದ್ದ. ಏನನ್ನೂ ಮಾಡದೆ ಸುಮ್ಮನೆ ಜೊತೆಗಿದ್ದ ನಾಯಿಗೆ ಕಾವ್ಯದಲ್ಲಿ ಜಾಗವುಂಟೆ? ಉಂಟು. ಧರ್ಮರಾಯನ ಹಿಂದೆ ನಡೆದದ್ದು ಅಂಥ ನಾಯಿಯೇ. ಗದುಗಿನ ಭಾರತದಲ್ಲಿ ಇದು ಸಿಕ್ಕುವುದಿಲ್ಲ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ಕನ್ನಡಿಸಿದವನು ತಿಮ್ಮಣ್ಣ ಕವಿ. ಮೂಲದಲ್ಲಿ ವ್ಯಾಸರು ಹೇಳುವ ಕಥೆ ಎಲ್ಲರಿಗೂ ಗೊತ್ತು. ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ನಾಯಿ ಮಾತ್ರ ಹಿಂದೆ ಬಂತು. ಸ್ವರ್ಗದಲ್ಲಿ ನಾಯಿಗೆ ಎಡೆಯಿಲ್ಲವೆಂದು ಇಂದ್ರ ಹೇಳಿದಾಗ, ನಂಬಿ ಬಂದುದನ್ನು ಬಿಡಲಾರೆನೆಂದು ಧರ್ಮರಾಯ ರಥದ ಮುಂದೆಯೇ ನಿಂತ. ಆ ನಾಯಿಗೆ ಹೆಸರಿಲ್ಲ, ಸಾಹಸವಿಲ್ಲ. ಹಿಂದೆ ಬಂದದ್ದೇ ಅದರ ಸಾಹಸ. ಅನಂತರ ಅದು ಯಮಧರ್ಮನೇ ಆಗಿ ತೋರಿತೆಂಬುದು ಕಥೆಗೆ ಶೋಭೆ. ಆದರೆ ನಾಯಿಯನ್ನು ಕಳೆದುಕೊಂಡವನಿಗೆ ದೇವರು ಸಿಕ್ಕಿದರೂ ನಾಯಿ ಸಿಕ್ಕಿದಂತಾಗುವುದಿಲ್ಲ.

ಇಲ್ಲಿಯೇ ನನಗೆ ಮುಳ್ಳು ಚುಚ್ಚಿತು. ಧರ್ಮರಾಯ ನಿಂತ, ನಾನು ನಿಲ್ಲಲಿಲ್ಲ. ಸ್ವರ್ಗದ ರಥ ಕಾಯುತ್ತಿತ್ತು, ಕಡೂರಿನ ರೈಲು ಕಾಯಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದೇನೋ! ಗ್ರೀಕರ ಹೋಮರನ ಕಾವ್ಯದಲ್ಲಿಯೂ ಹೀಗೆ ದಾಟಿಹೋದವನೊಬ್ಬನಿದ್ದಾನೆ. ಇಪ್ಪತ್ತು ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬಂದ ಒಡಿಸ್ಸ್ಯೂಸನನ್ನು ಗುರುತಿಸಿದ್ದು ಮುದಿನಾಯಿ ಆರ್ಗಸ್. ಏಳಲಾರದೆ ಬಾಲವಾಡಿಸಿತು. ವೇಷ ಬಯಲಾದೀತೆಂದು ಅವನು ಹತ್ತಿರ ಹೋಗಲಿಲ್ಲ. ಯಾರಿಗೂ ಕಾಣದಂತೆ ಕಣ್ಣೊರಸಿಕೊಂಡು ಮುಂದೆ ನಡೆದ. ನಾಯಿ ಸತ್ತಿತು. ಕವಿ ಅವನನ್ನು ಬೈಯುವುದಿಲ್ಲ. ಆ ಒಂದು ಹನಿ ಕಣ್ಣೀರನ್ನು ಮಾತ್ರ ನಮಗೆ ತೋರಿಸುತ್ತಾನೆ.

ಮುಂದಿನ ಭಾನುವಾರ ಮನಸ್ಸು ತಡೆಯದೆ ತರೀಕೆರೆಗೆ ಹೋಗಿ, ಅಲ್ಲಿಂದ ಅಮೃತಾಪುರಕ್ಕೆ ಹೋದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ದೇವಾಲಯ ಅದು. ನಾನು ಹೋದದ್ದು ಶಿಲ್ಪವನ್ನು ನೋಡಲಿಕ್ಕಲ್ಲ, ಅಲ್ಲಿನ ಶಾಸನದ ಕಲ್ಲಿನ ಬಳಿ ಸ್ವಲ್ಪ ಹೊತ್ತು ಕುಳಿತಿರಲಿಕ್ಕೆ. ಅದರ ಪದ್ಯಗಳನ್ನು ಬರೆದವನು ಜನ್ನ. ೧೨೦೯ರಲ್ಲಿ 'ಯಶೋಧರ ಚರಿತೆ'ಯನ್ನು ಬರೆದವನೂ ಅವನೇ. ಆ ಕಾವ್ಯದಲ್ಲಿ ಯಶೋಧರ ಕೊಂದದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವೇ ಪಾಪವಾಗಿ, ಮರುಹುಟ್ಟಿನಲ್ಲಿ ಅವನು ನವಿಲಾಗುತ್ತಾನೆ, ಅವನ ತಾಯಿ ನಾಯಾಗುತ್ತಾಳೆ. ನಾಯಿಯ ಬಾಯಿಂದಲೇ ನವಿಲು ಸಾಯುತ್ತದೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಕಥೆ. ಅಂದು ಮಾತ್ರ ಅದರ ಇನ್ನೊಂದು ಮಗ್ಗುಲು ಕಂಡಿತು. ಕೆಟ್ಟ ಸಂಕಲ್ಪ ಕೃತಿಯಿಲ್ಲದೆಯೂ ಲೆಕ್ಕಕ್ಕೆ ಬರುವುದಾದರೆ, ಹದಿನಾಲ್ಕು ವರ್ಷದ ಪ್ರೀತಿಯ ಸಂಕಲ್ಪ ಒಂದು ಬೆಳಗಿನ ಅವಸರದಿಂದ ಅಳಿಸಿಹೋಗಬೇಕೆ? ಜನ್ನ ಇದಕ್ಕೆ ಉತ್ತರ ಹೇಳಲಿಲ್ಲ. ಆದರೆ ಪ್ರಶ್ನೆಯನ್ನು ಕೇಳಿಕೊಳ್ಳುವ ಧೈರ್ಯ ಕೊಟ್ಟವನು ಅವನೇ.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದೆ. ತಾಯಿ ಊಟಕ್ಕೆ ಬಡಿಸಿದ್ದರು. ತಾವು ಕೂರುವ ಮುಂಚೆ ಒಂದು ಹಿಡಿ ಅನ್ನ ಕಲಸಿಕೊಂಡು ಹಿತ್ತಿಲಿಗೆ ಹೋಗಿ, ಕೆಂಚ ಉಣ್ಣುತ್ತಿದ್ದ ಚಪ್ಪಡಿಯ ಮೇಲೆ ಇಟ್ಟು ಬಂದರು.

"ಅಮ್ಮ, ಅವನಿಲ್ಲವಲ್ಲ" ಎಂದೆ.

"ಗೊತ್ತಪ್ಪಾ. ಹದಿನಾಲ್ಕು ವರ್ಷ ಅವನಿಗಿಡದೆ ಉಂಡವಳಲ್ಲ. ಈಗ ಇಡದೆ ಉಂಡರೆ ಗಂಟಲಲ್ಲಿ ಇಳಿಯೋದಿಲ್ಲ. ಕಾಗೆಯೋ ಬೆಕ್ಕೋ ತಿನ್ನುತ್ತೆ ಬಿಡು."

ನನ್ನ ತಾಯಿ ಆತಕೂರಿನ ಹೆಸರನ್ನೂ ಕೇಳಿದವರಲ್ಲ. ಗೊರವನಿಗೆ ಮಣಲೆರ ವಿಧಿಸಿದ ಕಟ್ಟಳೆಯನ್ನು ಅವರು ಶಾಪದ ಭಯವಿಲ್ಲದೆ, ಭೂಮಿಯ ಉಂಬಳಿಯಿಲ್ಲದೆ ನಡೆಸುತ್ತಿದ್ದರು. ಅಂದು ನಾನೂ ಎದ್ದು ಹಿತ್ತಿಲಿಗೆ ಹೋಗಿ, ಚಪ್ಪಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದು, ಆಮೇಲೆ ಉಂಡೆ.